ಕೆಂಪು ವೈನಿಗೆ ಹುರುಳಿ ಸಾರು

ನಾನು ಹೋಮ್‌ಸ್ಟೇಯ ಅಡುಗೆಮನೆ ಸೇರಿ ಆಗ ಆರನೆಯ ವರ್ಷ. ಡಿಸೆಂಬರಿನಲ್ಲಿ ವಿಜಯಪುರದ ಕಡೆಯ ದ್ರಾಕ್ಷಿ ತೋಟದವರೊಬ್ಬರು ಸಿಗಂದೂರಿಗೆ ಹೋಗಿ ದೇವಿಯ ದರ್ಶನ ಮುಗಿಸಿಕೊಂಡು ನಮ್ಮಲ್ಲಿ ಮೂರು ದಿನ ಉಳಿಯಲು ಬಂದರು. ಹಣೆಯ ಮೇಲೆ ಕುಂಕುಮ ಇನ್ನೂ ಹಸಿಯಾಗಿತ್ತು. ಕಾರಿನ ಹಿಂಭಾಗದಲ್ಲಿ ಪ್ರಸಾದದ ಚೀಲದ ಪಕ್ಕದಲ್ಲೇ ಆರು ಬಾಟಲಿ ಕೆಂಪು ವೈನ್ ಇತ್ತು. ತಮ್ಮದೇ ತೋಟದ ದ್ರಾಕ್ಷಿಯಿಂದ ತಾವೇ ಮಾಡಿದ್ದು ಎಂದು ಅವರು ನಮ್ಮ ಮೇಡಮ್‌ಗೆ ಹೇಳಿದರು.

ಮೇಡಮ್ ಎಂದರೆ ಹೋಮ್‌ಸ್ಟೇಯ ಒಡತಿ. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ಹೊಸನಗರ ತಾಲ್ಲೂಕಿನಲ್ಲಿ, ಹಿನ್ನೀರು ಕಾಣುವ ಗುಡ್ಡದ ಮೇಲೆ ನಾಲ್ಕು ಕೋಣೆ ಕಟ್ಟಿಸಿಕೊಂಡಿದ್ದರು. ನಾನು ಆನಂದಪುರದ ಹತ್ತಿರದ ಊರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನ್ನ ಗಂಡ ಆನಂದಪುರದಲ್ಲಿ ಟೈಲರ್. ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅವ್ವ. ಅವ್ವನಿಗೆ ನಾನೊಬ್ಬಳೇ ಮಗಳು. ಅಪ್ಪ ಸತ್ತ ಮೇಲೆ ಅರಳಸುರಳಿ ಕಡೆಯ ಊರು ಬಿಟ್ಟು ನನ್ನ ಜೊತೆಗೆ ಬಂದವಳು.

ದ್ರಾಕ್ಷಿ ತೋಟದವರು ಮೊದಲ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಒಂದು ಬಾಟಲಿ ತೆರೆದರು. ಆ ದಿನ ನಾನು ಉಪ್ಪುನೀರಿನಲ್ಲಿಟ್ಟಿದ್ದ ಕಳಲೆಯ ಪಲ್ಯ, ಬ್ರಾಹ್ಮಿ ಎಲೆಯ ತಂಬುಳಿ, ಬಂಗುಡೆ ಮೀನಿನ ಸಾರು ಮಾಡಿದ್ದೆ. ಪಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. ಅವರು ಒಂದು ತುತ್ತು ಉಂಡು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು. ಇನ್ನೊಂದು ತುತ್ತಿಗೂ ಹಾಗೇ ಆಯಿತು. ಅಡುಗೆ ಕೆಟ್ಟಿದೆ ಎಂದುಕೊಂಡು ನಾನು ಬಾಗಿಲಲ್ಲೇ ನಿಂತೆ.

"ಅಕ್ಕಾರ, ಹಿಂಗ ಬರ್ರಿ," ಎಂದು ಕರೆದರು. "ನಿಮ್ಮ ಅಡುಗಿ ಭಾಳ ಚಲೋ ಐತ್ರಿ. ನನ್ನ ವೈನೂ ಚಲೋ ಐತಿ. ಆದ್ರ ಎರಡೂ ಕೂಡವಲ್ಲವು. ಇಲ್ಲಿ ಮಂದಿಗೆ ಇದನ್ನ ಯಾತರ ಜೋಡಿ ಕೊಡಬೇಕು ಅಂತ ನನಗ ತಿಳಿವಲ್ದು."

ಅವರಿಗೊಂದು ಯೋಚನೆ ಇತ್ತು. ಸಾಗರ, ತೀರ್ಥಹಳ್ಳಿ ಕಡೆಯ ರೆಸಾರ್ಟ್‌ಗಳವರನ್ನು, ಶಿವಮೊಗ್ಗದ ಹೋಟೆಲಿನವರನ್ನು ಒಂದು ದಿನ ಊಟಕ್ಕೆ ಕರೆದು ತಮ್ಮ ವೈನನ್ನು ಮಲೆನಾಡಿನ ಅಡುಗೆಯ ಜೊತೆಯಲ್ಲೇ ಕೊಡಬೇಕು. ಹೊರಗಿನ ಚೀಸು, ಬ್ರೆಡ್ಡು ತರಿಸಿ ಕೊಡುವುದು ಎಲ್ಲ ಕಡೆಯೂ ಇದ್ದದ್ದೇ, ಅದು ತಮಗೆ ಬೇಡ ಎಂದರು. ಮೇಡಮ್‌ಗೆ ಆ ಮಾತು ಹಿಡಿಸಿತು. ಫೆಬ್ರವರಿಯಲ್ಲಿ ಇಲ್ಲೇ ಮಾಡೋಣ, ಹನ್ನೆರಡು ಜನಕ್ಕೆ, ಮಧ್ಯಾಹ್ನದ ಊಟ ಎಂದು ಅಲ್ಲೇ ಗೊತ್ತಾಯಿತು. ಅಬಕಾರಿ ಇಲಾಖೆಯಿಂದ ಒಂದು ದಿನದ ಪರವಾನಗಿ ತಂದುಕೊಳ್ಳುವ ಜವಾಬ್ದಾರಿ ಮೇಡಮ್‌ದು, ವೈನ್ ಅವರದು, ಅಡುಗೆ ನನ್ನದು.

"ನಾನು ಅದನ್ನು ಕುಡಿದಿಲ್ಲ ಮೇಡಮ್. ಅದರ ರುಚಿ ಗೊತ್ತಿಲ್ಲದೆ ಏನು ಮಾಡಲಿ?" ಎಂದೆ.

"ಕುಡಿಯಬ್ಯಾಡ್ರಿ," ಎಂದರು ತೋಟದವರು. "ಬಾಯಾಗ ಹಾಕ್ಕೊಂಡು ಎಲ್ಲಾ ಕಡಿ ಆಡಿಸ್ರಿ, ಆಮ್ಯಾಲ ಉಗುಳ್ರಿ. ನಾವೂ ಹಂಗ ಮಾಡ್ತೀವ್ರಿ. ಒಂದು ದಿನಕ್ಕ ಅಷ್ಟೊಂದು ಪೀಪಾಯಿ ನೋಡಬೇಕಾಗತೈತಿ. ನುಂಗಿಕೊಂತ ಹೋದ್ರ ಮನಿ ಸೇರಂಗಿಲ್ಲ."

ಉಗುಳುವ ಮಾತು ಕೇಳಿದ ಮೇಲೆ ಒಪ್ಪಿಕೊಂಡೆ. ಅವರು ಗ್ಲಾಸಿನ ತಳದಲ್ಲಿ ಎರಡು ಬೆರಳಿನಷ್ಟು ಹಾಕಿ ನನ್ನ ಕೈಗೆ ಕೊಟ್ಟರು. ಮೊದಲು ಮೂಸಿ ನೋಡಿ ಎಂದರು. ನಾನು ಗ್ಲಾಸನ್ನು ಮೂಗಿನಿಂದ ಸ್ವಲ್ಪ ದೂರದಲ್ಲೇ ಹಿಡಿದೆ. ನನ್ನ ಅಪ್ಪ ಸಾರಾಯಿ ಕುಡಿಯುತ್ತಿದ್ದ. ಆ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು, ಕೊಳೆತ ಬಾಳೆಹಣ್ಣಿಗೆ ಸೀಮೆಎಣ್ಣೆ ಬಿದ್ದ ಹಾಗೆ. ಅದೇ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಬಂದದ್ದು ಕಳಿತ ನೇರಳೆಹಣ್ಣಿನ ವಾಸನೆ. ಅದರ ಹಿಂದೆ ಆಗಷ್ಟೇ ಜಜ್ಜಿದ ಕಾಳುಮೆಣಸು. ಇನ್ನೂ ಹಿಂದೆ ಒಲೆಯಲ್ಲಿ ಅರ್ಧ ಸುಟ್ಟು ಆರಿದ ಕಟ್ಟಿಗೆಯದ್ದು. ಹಾಗೆಂದು ಹೇಳಿದಾಗ ಅವರು ಮೇಡಮ್ ಕಡೆ ತಿರುಗಿ, "ಅಕ್ಕಾರ ಮೂಗು ಚಲೋ ಐತ್ರಿ. ಕಟ್ಟಿಗಿ ಪೀಪಾಯಾಗ ಇಟ್ಟಿದ್ದು ಖರೇನ ಐತಿ," ಎಂದರು.

ಬಾಯಿಗೆ ಹಾಕಿಕೊಂಡೆ. ಮೊದಲು ಹುಳಿ, ಆಮೇಲೆ ಒಗರು. ಆ ಒಗರು ನನಗೆ ಹೊಸದಲ್ಲ. ಅಡಿಕೆ ಬೇಯಿಸಿದ ಚೊಗರು, ಆ ಕೆಂಪು ನೀರು, ಚಿಕ್ಕಂದಿನಲ್ಲಿ ಬೆರಳಲ್ಲಿ ಅದ್ದಿ ನಾಲಿಗೆಗೆ ಹಚ್ಚಿಕೊಂಡಾಗ ಕೆನ್ನೆಯ ಒಳಭಾಗ ಹೇಗೆ ಹಿಡಿದುಕೊಳ್ಳುತ್ತಿತ್ತೋ ಇದೂ ಹಾಗೇ, ಆದರೆ ಅಷ್ಟು ಜೋರಿಲ್ಲ. ಸಿಂಕಿಗೆ ಉಗುಳಿ ಬಾಯಿ ಮುಕ್ಕಳಿಸಿದೆ. ಮುಕ್ಕಳಿಸಿದ ಮೇಲೂ ಮೆಣಸಿನ ಖಾರ ಸ್ವಲ್ಪ ಉಳಿದಿತ್ತು.

ಆ ಮೂರು ದಿನ ನಾನು ಮಾಡಿದ ಕೆಲಸ ಇಷ್ಟೇ. ಒಂದು ಚಮಚ ಏನಾದರೂ ತಿನ್ನುವುದು, ಒಂದು ಗುಟುಕು ಬಾಯಿಗೆ ಹಾಕುವುದು, ಉಗುಳುವುದು. ಏನಾಯಿತೆಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡೆ. ಅಪ್ಪೆಮಿಡಿ ತಿಂದು ವೈನ್ ಹಾಕಿಕೊಂಡರೆ ಬಾಯೆಲ್ಲ ತಗಡು ನೆಕ್ಕಿದ ಹಾಗೆ. ಬಂಗುಡೆಯ ಜೊತೆ ತುಕ್ಕಿನ ರುಚಿ. ತಂಬುಳಿಯ ಮಜ್ಜಿಗೆಗೆ ಒಗರು ಸೇರಿ ಒಡೆದ ಹಾಲಿನಂತಾಯಿತು. ಕಳಲೆಯಲ್ಲಿ ಮೊದಲೇ ಸ್ವಲ್ಪ ಕಹಿ ಇರುತ್ತದೆ, ವೈನ್ ಅದನ್ನು ಎಬ್ಬಿಸಿ ನಿಲ್ಲಿಸಿತು. ಸೂಜಿಮೆಣಸಿನ ಚಟ್ನಿಯಂತೂ ಬಾಯಿಗೆ ಬೆಂಕಿ ಇಟ್ಟಿತು, ವೈನ್ ಅದಕ್ಕೆ ನೀರು ಹಾಕಲಿಲ್ಲ, ಗಾಳಿ ಹಾಕಿತು.

ಎರಡನೆಯ ದಿನ ಅಕ್ಕಿರೊಟ್ಟಿಗೆ ಮನೆ ಬೆಣ್ಣೆ ಸವರಿ ತಿಂದೆ. ಆಗ ಮೊದಲ ಸಲ ಒಗರು ತಗ್ಗಿತು. ಕೆನ್ನೆ ಹಿಡಿಯಲಿಲ್ಲ, ನೇರಳೆ ಮುಂದೆ ಬಂತು. ಜಿಡ್ಡಿದ್ದರೆ ಇದು ಮೆತ್ತಗಾಗುತ್ತದೆ ಎಂದು ತಿಳಿಯಿತು. ಹುಣಸೆಯ ಬದಲು ಮುರುಗಲು ಸಿಪ್ಪೆ ಹಾಕಿ ಸಾರು ಮಾಡಿ ನೋಡಿದೆ. ಸಾರಿನ ಹುಳಿಯ ಮುಂದೆ ವೈನಿನ ಹುಳಿ ಹಿಂದೆ ಸರಿಯಿತು. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಹೊಗೆಗೂ ವೈನಿನ ಕಟ್ಟಿಗೆ ವಾಸನೆಗೂ ನೆಂಟಸ್ತಿಕೆ ಇತ್ತು. ಇಷ್ಟು ಗೊತ್ತಾದ ಮೇಲೆ ಉಳಿದದ್ದು ಅಡುಗೆಯ ಲೆಕ್ಕಾಚಾರ.

ತೋಟದವರು ಹೊರಡುವಾಗ ನಾಲ್ಕು ಬಾಟಲಿ ಬಿಟ್ಟು ಹೋದರು. ಜನವರಿಯಲ್ಲಿ ವಾರಕ್ಕೆರಡು ಸಲ, ಅತಿಥಿಗಳು ಇಲ್ಲದ ಮಧ್ಯಾಹ್ನಗಳಲ್ಲಿ ನಾನು ಒಂದೊಂದು ಅಡುಗೆ ಮಾಡಿ ನೋಡುತ್ತಿದ್ದೆ. ಮನೆಯಲ್ಲಿ ಇದನ್ನು ಗಂಡನಿಗೆ ಹೇಳಿದ್ದೆ. ಅವ್ವನಿಗೆ ಹೇಳಿರಲಿಲ್ಲ.

ಹೇಳದೆ ಇದ್ದದ್ದಕ್ಕೆ ಕಾರಣ ಇತ್ತು. ನಮ್ಮದು ಹಿಂದೆ ಗೇಣಿಗೆ ಗದ್ದೆ ಮಾಡುತ್ತಿದ್ದ ಮನೆ. ಅಜ್ಜನ ಕಾಲದಲ್ಲಿ ಆ ಗದ್ದೆಯೇ ನಮ್ಮದಾಯಿತು. ಅಪ್ಪ ಒಳ್ಳೆಯ ಕೆಲಸಗಾರ. ಹೊತ್ತು ಇಳಿದ ಮೇಲೆ ಸಾರಾಯಿ ಅಂಗಡಿಗೆ ಹೋಗುವುದು ಅವನಿಗೆ ಸ್ನಾನ ಮಾಡಿದಷ್ಟೇ ಸಹಜವಾಗಿತ್ತು. ಅವ್ವ ಹೊಸ್ತಿಲಲ್ಲಿ ನಿಂತು ಅವನು ಬಂದ ಕೂಡಲೇ, "ಊದು," ಅನ್ನುವಳು. ಅಪ್ಪ ಅವಳ ಮುಖಕ್ಕೆ ಊದಬೇಕು. ವಾಸನೆ ಬಂದರೆ ಆ ರಾತ್ರಿ ಅವನಿಗೆ ಜಗಲಿಯೇ ಗತಿ. ಅಪ್ಪ ಅಡಿಕೆ ಅಗಿದು, ಪೇರಲೆ ಎಲೆ ಅಗಿದು ಬರುತ್ತಿದ್ದ. "ಬಾಯಿಗೆ ಹಾಕ್ಕೊಂಡಿದ್ದೆ ಮಾರಾಯ್ತಿ, ಆಮೇಲೆ ಉಗಿದೆ," ಎಂದೂ ಹೇಳಿ ನೋಡುತ್ತಿದ್ದ.

ಒಂದು ವರ್ಷ ಊರಿನ ಹೆಂಗಸರು ಆ ಅಂಗಡಿಯ ಎದುರು ಕುಳಿತರು. ಮುಂದಾಳು ನನ್ನ ಅವ್ವ. ಕೂಗಾಟ ಮಾಡಿದರೆ ಗಂಡಸರು ಹೊಡೆಯಲು ಬರುತ್ತಾರೆ ಎಂದು ಅವಳು ಬೇರೆ ದಾರಿ ಹುಡುಕಿದ್ದಳು. ಅಂಗಡಿಯ ಬಾಗಿಲೆದುರಿಗೆ ಮೂರು ಕಲ್ಲಿಟ್ಟು ಒಲೆ ಹೂಡಿ ದೊಡ್ಡ ಪಾತ್ರೆಯಲ್ಲಿ ಗಂಜಿ ಬೇಯಿಸಿದರು. ಕುಡಿಯಲು ಬಂದವನನ್ನು ತಡೆಯಲಿಲ್ಲ. ಎಲೆ ಹಾಸಿ, "ಮೊದಲು ಉಣ್ಣು, ಆಮೇಲೆ ಬೇಕಾದ್ರೆ ಒಳಗೆ ಹೋಗು," ಎಂದರು. ಹೆಂಡತಿ, ಅತ್ತಿಗೆ, ನಾದಿನಿಯರೆಲ್ಲ ಸುತ್ತ ಕುಳಿತು ನೋಡುತ್ತಿರುವಾಗ ಉಂಡು ಎದ್ದವರಲ್ಲಿ ಹೆಚ್ಚಿನವರು ಒಳಗೆ ಹೋಗಲಿಲ್ಲ. ನಾನು ಆಗ ಸೌದೆ ತಂದು ಹಾಕುತ್ತಿದ್ದೆ. ಒಂಬತ್ತು ದಿನ ಹೀಗೆ ನಡೆದ ಮೇಲೆ ಅಂಗಡಿಯವನು ಊರಿನ ಗಡಿಯಾಚೆಗೆ, ಒಂದು ಮೈಲಿ ದೂರಕ್ಕೆ ಅಂಗಡಿ ಸಾಗಿಸಿದ. ಅಪ್ಪ ಆ ಒಂದು ಮೈಲಿ ನಡೆದು ಹೋಗಲು ಶುರುಮಾಡಿದ. ಸರ್ಕಾರ ಸಾರಾಯಿಯನ್ನೇ ನಿಲ್ಲಿಸುವ ಹೊತ್ತಿಗೆ ಅಪ್ಪ ಇರಲಿಲ್ಲ. ಕಣ್ಣು, ಉಗುರು ಹಳದಿಯಾಗಿ, ಹೊಟ್ಟೆ ಉಬ್ಬಿ ಹೋದ.

ಇದೆಲ್ಲ ಗೊತ್ತಿದ್ದ ನಾನು ಅವ್ವನ ಹತ್ತಿರ ವೈನಿನ ಮಾತೆತ್ತಲು ಹೊತ್ತು ನೋಡುತ್ತಾ ಇದ್ದೆ. ನನ್ನ ಗಂಡ, "ನಿನ್ನ ಕೆಲಸ, ನಿನ್ನ ಅವ್ವ. ನನ್ನನ್ನ ನಡುವೆ ಎಳೀಬೇಡ," ಎಂದು ಅಂಗಡಿಗೆ ಹೋಗಿಬಿಟ್ಟಿದ್ದ.

ಹೊತ್ತು ತಾನಾಗಿಯೇ ಬಂತು. ರಿಪ್ಪನ್‌ಪೇಟೆ ಸಂತೆಗೆ ಬಂದಿದ್ದ ನಮ್ಮೂರಿನ ಹೆಂಗಸೊಬ್ಬಳು ಬಸ್ಸಿಗೆ ನನ್ನ ಜೊತೆ ಆಗುತ್ತದೆ ಎಂದು ಹೋಮ್‌ಸ್ಟೇಗೆ ಬಂದಳು. ನಾನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಗ್ಲಾಸು ಹಿಡಿದು ಬಣ್ಣ ನೋಡಿ ಬಾಯಿಗೆ ಸುರಿದುಕೊಂಡದ್ದನ್ನು ಅಂಗಳದಿಂದ ನೋಡಿದಳು. ಉಗುಳಿದ್ದನ್ನು ನೋಡಲಿಲ್ಲ, ಸಿಂಕು ಗೋಡೆಯ ಮರೆಯಲ್ಲಿತ್ತು. ಬಸ್ಸಿನಲ್ಲಿ ನನ್ನ ಹತ್ತಿರ ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅವ್ವನಿಗೆ ಹೇಳಿದಳು.

ಆ ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಬೆಳಕು ಇನ್ನೂ ಇತ್ತು. ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. ಅವಳಿಗೆ ಎಪ್ಪತ್ತೆಂಟು, ನನಗೆ ಐವತ್ತರ ಮೇಲೆ ಒಂದು.

"ಊದು," ಎಂದಳು.

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಚಪ್ಪಲಿ ಕೂಡ ಬಿಡದೆ ಅವಳ ಮುಖದ ಹತ್ತಿರ ಬಾಗಿ ಊದಿದೆ. ಆ ದಿನವೂ ನಾನು ಹುರುಳಿ ಸಾರಿನ ಜೊತೆ ವೈನ್ ನೋಡಿದ್ದೆ. ಮುಕ್ಕಳಿಸಿದ್ದೆ, ಚಹಾ ಕುಡಿದಿದ್ದೆ.

"ವಾಸನೆ ಇದೆ," ಎಂದಳು ಅವ್ವ.

"ಬಾಯಿಗೆ ಹಾಕ್ಕೊಂಡೆ ಅವ್ವ, ಹೌದು. ಉಗಿದೆ. ಕುಡಿದಿಲ್ಲ."

"ನಿನ್ನ ಅಪ್ಪನೂ ಉಗಿದೆ ಅಂತಿದ್ದ."

ನಡೆದದ್ದನ್ನೆಲ್ಲ ಅಲ್ಲೇ ನಿಂತು ಹೇಳಿದೆ. ದ್ರಾಕ್ಷಿ ತೋಟದವರು, ಊಟದ ಏರ್ಪಾಡು, ಕ್ಯಾಲೆಂಡರಿನ ಹಿಂದೆ ಬರೆದದ್ದು. ಅವ್ವ ಪೂರ್ತಿ ಕೇಳಿದಳು. ಕೇಳಿ ಮುಗಿದ ಮೇಲೆ, "ಕುಡಿಯೋರಿಗೆ ಅಡುಗೆ ಮಾಡೋದು ನಿನ್ನ ಹೊಟ್ಟೆಪಾಡು ಅನ್ನು. ನೀನು ಯಾಕೆ ಬಾಯಿಗೆ ಹಾಕ್ಕೋಬೇಕು?" ಎಂದಳು.

"ಉಪ್ಪು ನೋಡದೆ ಸಾರು ಬಡಿಸ್ತೀಯಾ ನೀನು?"

"ಉಪ್ಪು ಕುಡಿದು ಯಾರೂ ಸತ್ತಿಲ್ಲ," ಎಂದು ಒಳಗೆ ಹೋದಳು.

ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಮಾಡಿಟ್ಟ ಅಡುಗೆಯನ್ನು ಮುಟ್ಟಲಿಲ್ಲ, ತನ್ನ ಪಾಲಿನ ಗಂಜಿಯನ್ನು ತಾನೇ ಬೇಯಿಸಿಕೊಂಡು ಉಪ್ಪಿನಕಾಯಿ ಜೊತೆ ಉಂಡಳು. ಐದನೆಯ ದಿನ ಬೆಳಿಗ್ಗೆ ನಾನು ಹೊರಡುವಾಗ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ಆ ಊಟ ಯಾವತ್ತು?" ಎಂದು ಕೇಳಿದಳು. ಇನ್ನೂ ಎರಡು ವಾರ ಇದೆ ಎಂದೆ. "ಅವತ್ತು ನಾನು ಬತ್ತೀನಿ. ಕಣ್ಣಿಂದ ನೋಡ್ಬೇಕು," ಎಂದಳು. ಸೀರೆ ಉಟ್ಟದ್ದು ಆನಂದಪುರದಲ್ಲಿ ಯಾರದೋ ಮನೆಯ ಗೃಹಪ್ರವೇಶಕ್ಕಂತೆ. ಮಾತಾಡಿದಳಾದರೂ ನನ್ನ ಅಡುಗೆಯನ್ನು ಆಮೇಲೂ ಮುಟ್ಟಲಿಲ್ಲ.

ಮೇಡಮ್‌ಗೆ ಹೇಳಿದೆ. "ಬರಲಿ ಬಿಡಿ, ಬೆಳ್ಳುಳ್ಳಿ ಬಿಡಿಸೋಕೆ ಒಂದು ಕೈ ಆಗುತ್ತೆ," ಎಂದರು. ಅವರು ಯಾವುದನ್ನೂ ದೊಡ್ಡದು ಮಾಡುವವರಲ್ಲ. ಆದರೆ ಸಿಹಿಯ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳವಾಯಿತು. ಅವರಿಗೆ ಹೋಳಿಗೆ ಬೇಕು, ಸಿಹಿ ಇಲ್ಲದೆ ಎಂಥ ಊಟ ಎಂದರು. ನಾನು ಬೆಲ್ಲದ ಪಾಯಸ ಒಂದು ಚಮಚ ತಿಂದು ವೈನ್ ನೋಡಿದ್ದೆ, ದ್ರಾಕ್ಷಿಯೆಲ್ಲ ಎಲ್ಲಿಗೋ ಹೋಗಿ ಬರೀ ಹುಳಿ ಮತ್ತು ಒಗರು ಉಳಿದಿತ್ತು. ಅವರಿಗೂ ಹಾಗೇ ಮಾಡಿ ತೋರಿಸಿದೆ. ಮೇಡಮ್ ಮುಖ ಕಿವುಚಿಕೊಂಡು, ಗ್ಲಾಸುಗಳನ್ನು ತೆಗೆದ ಮೇಲೆ ಕಾಫಿಯ ಜೊತೆ ಹೋಳಿಗೆ ಕೊಡೋಣ ಎಂದು ಒಪ್ಪಿದರು.

ಊಟದ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೂ ಅವ್ವನೂ ಹೊರಟೆವು. ದ್ರಾಕ್ಷಿ ತೋಟದವರು ಹಿಂದಿನ ದಿನವೇ ಬಂದಿದ್ದರು. ಅವ್ವನನ್ನು ನೋಡಿ ಕೈಮುಗಿದು, "ಅವ್ವಾರ, ಆರಾಮ ಅದೀರಿ?" ಎಂದರು. ಅವ್ವ ಹೂಂ ಎಂದು ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಬೆಳ್ಳುಳ್ಳಿ ಬುಟ್ಟಿ ಎಳೆದುಕೊಂಡಳು. ಅವಳು ಕುಳಿತ ಜಾಗದಿಂದ ಊಟದ ಜಗಲಿ ನೇರವಾಗಿ ಕಾಣುತ್ತಿತ್ತು.

ನಾನು ಐದು ಬಗೆ ಮಾಡಿದ್ದೆ. ಮೊದಲಿಗೆ ಹುರಿದ ಗೇರುಬೀಜ, ಅದಕ್ಕೆ ತುಪ್ಪ, ಉಪ್ಪು, ಕುಟ್ಟಿದ ಮೆಣಸು. ಆಮೇಲೆ ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು, ಹಸಿಮೆಣಸು ಇಲ್ಲದೆ, ಬೆಳ್ಳುಳ್ಳಿ ಮತ್ತು ಕೊಬ್ಬರಿ ಎಣ್ಣೆ ಹಾಕಿ. ಮಾಂಸ ತಿನ್ನದವರಿಗೆ ಎಳೆ ಹಲಸಿನ ಗುಜ್ಜೆಯ ಹುರಿದ ಪಲ್ಯ, ಅದರ ಎಳೆ ಎಳೆಯಾದ ತಿರುಳು ಹಲ್ಲಿಗೆ ಮಾಂಸದ ಹಾಗೇ ಸಿಗುತ್ತದೆ. ತಿನ್ನುವವರಿಗೆ ನಾಟಿಕೋಳಿ, ಒಣಮೆಣಸು ಮುಟ್ಟದೆ ಬರೀ ಕಾಳುಮೆಣಸಿನಲ್ಲಿ, ಹುಳಿಗೆ ಮುರುಗಲು. ಇವೆಲ್ಲದರ ಜೊತೆಗೆ ಬೆಣ್ಣೆ ಸವರಿದ ಅಕ್ಕಿರೊಟ್ಟಿ. ಕೊನೆಗೆ ಅನ್ನ ಮತ್ತು ಹುರುಳಿ ಸಾರು.

ಹುರುಳಿ ಸಾರು ಬೇಡ ಎಂದು ಮೇಡಮ್ ಹೇಳಿದ್ದರು. ಅದು ಎತ್ತಿಗೆ ಹಾಕುವ ಕಾಳು, ದೊಡ್ಡ ಹೋಟೆಲಿನವರ ಎದುರಿಗೆ ಇಡುವುದೇ ಎಂದು ಅವರಿಗೆ ಸಂಕೋಚ. ಆದರೆ ನನ್ನ ಕ್ಯಾಲೆಂಡರಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹೊಂದಿದ್ದು ಅದೇ. ಹುರುಳಿ ಬೇಯಿಸಿದ ಕಟ್ಟನ್ನು ಹಿಂದಿನ ದಿನವೇ ಇಳಿಸಿ, ಮರುದಿನ ಬತ್ತುವವರೆಗೆ ಕುದಿಸಿ, ಬೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಅದು ಕಪ್ಪಗೆ, ದಪ್ಪಗೆ ಆಗುತ್ತದೆ. ಮಣ್ಣಿನ ವಾಸನೆ ಅದಕ್ಕೂ ಇದೆ, ವೈನಿಗೂ ಇದೆ. ಆ ಸಾರಿನ ಜೊತೆ ವೈನಿನ ಒಗರು ಎಲ್ಲಿ ಮುಗಿಯುತ್ತದೆ, ಹುರುಳಿಯದ್ದು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದಿಲ್ಲ.

ಜನ ಬಂದರು. ಹನ್ನೊಂದು ಗಂಡಸರು, ಒಬ್ಬಳು ಹೆಂಗಸು. ತೋಟದವರು ಪ್ರತಿಯೊಂದು ಬಗೆಗೂ ಎದ್ದು ನಿಂತು ಎರಡು ಮಾತು ಹೇಳಿ ಸ್ವಲ್ಪವೇ ಹಾಕುತ್ತಿದ್ದರು. ಕೋಳಿ ಹೊರಗೆ ಹೋಗುವ ಮೊದಲು ನನಗೊಂದು ಅನುಮಾನ ಬಂತು. ಮೆಣಸು ಆ ದಿನ ಹೊಸದು, ತೀಕ್ಷ್ಣವಾಗಿತ್ತು. ವೈನಿನ ಮೆಣಸು ಗಂಟಲಲ್ಲಿ ಉಳಿಯುತ್ತದೆ ಎಂದು ತೋಟದವರು ಹೇಳಿದ್ದರು. ಬಾಯಲ್ಲಿ ಸರಿ ಅನ್ನಿಸಿದ್ದು ಗಂಟಲಲ್ಲಿ ಹೆಚ್ಚಾದರೆ? ಉಗುಳಿದರೆ ಅದು ಗೊತ್ತಾಗುವುದಿಲ್ಲ. ಅವ್ವ ಬೆನ್ನು ತಿರುಗಿಸಿ ರೊಟ್ಟಿ ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದಳು. ಒಂದು ತುಂಡು ಕೋಳಿ ತಿಂದು ಒಂದು ಗುಟುಕು ವೈನ್ ಬಾಯಿಗೆ ಹಾಕಿಕೊಂಡು ನುಂಗಿದೆ. ಎದೆಯ ನಡುವೆ ಒಂದು ಬಿಸಿ ಗೆರೆ ಇಳಿಯಿತು. ಖಾರ ಹೆಚ್ಚಾಗಿತ್ತು. ತೆಂಗಿನಹಾಲು ಹಿಂಡಿ ಒಂದು ಬಟ್ಟಲು ಸುರಿದು ಮತ್ತೆ ಒಂದು ಕುದಿ ಬರಿಸಿ ಕಳಿಸಿದೆ. ಕೋಳಿಯ ತಟ್ಟೆಗಳು ಒಂದು ಬಿಟ್ಟು ಎಲ್ಲವೂ ಖಾಲಿಯಾಗಿ ಬಂದವು.

ಹುರುಳಿ ಸಾರಿನ ಹೊತ್ತಿಗೆ ಒಬ್ಬರು ಎದ್ದು ಅಡುಗೆಮನೆಗೆ ಬಂದರು. ಯಾವುದೋ ಹೋಟೆಲಿನ ಮ್ಯಾನೇಜರ್, ನಲವತ್ತರ ಆಸುಪಾಸು. ಉಳಿದವರಿಗಿಂತ ಹೆಚ್ಚು ಕುಡಿದಿದ್ದರು, ಕೋಳಿಯನ್ನೂ ರೊಟ್ಟಿಯನ್ನೂ ಅರ್ಧಕ್ಕೇ ಬಿಟ್ಟಿದ್ದರು. ಬಾಗಿಲ ಚೌಕಟ್ಟಿಗೆ ಒರಗಿ ನನ್ನನ್ನು ಹೊಗಳಲು ಶುರುಮಾಡಿದರು. ಹೊಗಳುತ್ತಾ ಹತ್ತಿರ ಬಂದರು. ನನ್ನ ಕೈಯಲ್ಲಿ ಬಿಸಿ ಸಾರಿನ ಪಾತ್ರೆ ಇತ್ತು. ಹಿಂದೆ ಸರಿಯಲು ಜಾಗ ಇರಲಿಲ್ಲ.

ಅವ್ವ ಮಣೆಯಿಂದ ಎದ್ದಳು. ಅವರ ಮೊಣಕೈ ಹಿಡಿದು ತಾನು ಕುಳಿತಿದ್ದ ಮಣೆಯ ಮೇಲೇ ಕೂರಿಸಿದಳು. ಬಾಳೆ ಎಲೆ ಹಾಸಿ ಅನ್ನ ಬಡಿಸಿ, ನನ್ನ ಪಾತ್ರೆಯೊಳಗಿನ ಸೌಟು ತೆಗೆದುಕೊಂಡು ಸಾರು ಸುರಿದಳು.

"ಉಣ್ಣು. ಮಾತು ಆಮೇಲೆ," ಎಂದಳು.

"ಅಜ್ಜಿ, ನಾನು ಬರೀ ಥ್ಯಾಂಕ್ಸ್ ಹೇಳೋಕೆ..."

"ಉಣ್ಣು ಅಂದೆ."

ಅವರು ಉಂಡರು. ಅವ್ವ ಎದುರಿಗೆ ನಿಂತು ನೋಡುತ್ತಲೇ ಇದ್ದಳು. ಎಲೆ ಖಾಲಿಯಾದಾಗ ಮತ್ತೆ ಬಡಿಸಿದಳು. ಎರಡನೆಯ ಸಲ ಉಂಡು ಮುಗಿಸುವ ಹೊತ್ತಿಗೆ ಆ ಮನುಷ್ಯ ತಲೆ ತಗ್ಗಿಸಿದ್ದರು. ಕೈ ತೊಳೆದು, "ತಪ್ಪಾಯ್ತಮ್ಮ," ಎಂದು ನನಗೆ ಹೇಳಿ ಹೊರಗೆ ಹೋದರು. ಮೇಡಮ್ ಅವರಿಗೆ ಡ್ರೈವರ್ ಒಬ್ಬನನ್ನು ಗೊತ್ತುಮಾಡಿ ಕಳಿಸಿದರು.

ಉಳಿದವರು ಹುರುಳಿ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡರು. ತೀರ್ಥಹಳ್ಳಿ ಹತ್ತಿರದ ಒಂದು ರೆಸಾರ್ಟಿನಿಂದ ಬಂದಿದ್ದ ಆ ಹೆಂಗಸು ಒಳಗೆ ಬಂದು, ಕಟ್ಟು ಇಳಿಸುವುದು ಹೇಗೆ, ಎಷ್ಟು ಹೊತ್ತು ಬತ್ತಿಸಬೇಕು ಎಂದು ಕೇಳಿ ಮೊಬೈಲಿನಲ್ಲಿ ಬರೆದುಕೊಂಡಳು. ತೋಟದವರು ಸಂತೋಷವಾಗಿದ್ದರು. ಮೂರು ಕಡೆಯವರು ಅವರ ವೈನ್ ಇಡಲು ಒಪ್ಪಿದ್ದರಂತೆ. ಅವ್ವನ ಹತ್ತಿರ ಬಂದು, "ಅವ್ವಾರ, ಒಂದು ಹನಿ ನಾಲಿಗಿಗೆ ಹಚ್ಚಿ ನೋಡ್ತೀರೇನ್ರಿ?" ಎಂದು ಕೇಳುವಷ್ಟು ಧೈರ್ಯ ಮಾಡಿದರು.

"ಮೂಸಿ ನೋಡ್ತೀನಿ," ಎಂದಳು ಅವ್ವ. ಗ್ಲಾಸಿನ ಒಳಗೆ ಮೂಗಿಟ್ಟು ಸ್ವಲ್ಪ ಹೊತ್ತು ನಿಂತಳು. "ನೇರಳೆಹಣ್ಣು," ಎಂದು ವಾಪಸು ಕೊಟ್ಟಳು.

ಸಂಜೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ಬಸ್ಸು ಹೊರಟು ಎರಡು ತಿರುವು ದಾಟಿದ ಮೇಲೆ ಅವ್ವ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು, "ಇವತ್ತು ನುಂಗಿದ್ಯಾ?"

ಇಲ್ಲ ಎಂದರೆ ಆ ಮಾತು ಅಲ್ಲಿಗೆ ಮುಗಿಯುತ್ತಿತ್ತು. "ಒಂದು ಗುಟುಕು. ಕೋಳಿಯ ಖಾರ ನೋಡೋಕೆ," ಎಂದೆ.

ಅವಳು ಟಿಕೆಟನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಡುಗೆಯ ದಣಿವು ಕಾಲಿಗೆ ಇಳಿದಿತ್ತು. ಆನಂದಪುರದಲ್ಲಿ ಬಸ್ಸಿಳಿದು ನಡೆಯುವಾಗ ಅವಳೇ ಶುರುಮಾಡಿದಳು.

"ಆ ಜನ ಕುಡಿದದ್ದು ಕಡಿಮೆ, ಉಂಡದ್ದು ಜಾಸ್ತಿ. ನೋಡಿದೆ. ಆ ಒಬ್ಬ ಉಣ್ಣಲಿಲ್ಲ, ಅದಕ್ಕೇ ಹಾಗಾದ."

"ಹೌದು."

"ಹಂಗಂತ ನಂಗೆ ಇದು ಸರಿ ಅಂತ ಅನ್ನಿಸಿಲ್ಲ. ಬಣ್ಣ ಬೇರೆ, ಗ್ಲಾಸು ಬೇರೆ, ಅಷ್ಟೇ. ನೀನು ಕೆಲಸ ಮಾಡು, ಬೇಡ ಅನ್ನೋದಿಲ್ಲ. ಬಾಟಲಿ ನಮ್ಮ ಮನೆ ಹೊಸ್ತಿಲು ದಾಟಬಾರದು. ನುಂಗಿದ ದಿನ ನುಂಗಿದೆ ಅಂತ ಹೇಳ್ಬೇಕು."

ಆಗಲಿ ಎಂದೆ. ಮನೆಗೆ ಬಂದ ಮೇಲೆ ಇಬ್ಬರೂ ಡಬ್ಬಿಯಲ್ಲಿ ತಂದಿದ್ದ, ಉಳಿದ ಹುರುಳಿ ಸಾರಿನಲ್ಲಿ ಉಂಡೆವು. ನಾನು ಮಾಡಿದ್ದನ್ನು ಅವಳು ಮತ್ತೆ ಉಣ್ಣಲು ಶುರುಮಾಡಿದ್ದು ಆ ದಿನದಿಂದ. ಅವಳು ಒಪ್ಪಿದಳು ಎಂದು ನಾನು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಅವಳು ಒಪ್ಪಿಲ್ಲ. ಈಗಲೂ ಕೆಲವು ಸಂಜೆ ನಾನು ಒಳಗೆ ಬರುವಾಗ ಏನೋ ಕೆಲಸ ಇದ್ದವಳ ಹಾಗೆ ನನ್ನ ಮುಖದ ಹತ್ತಿರದಿಂದಲೇ ಹಾದುಹೋಗುತ್ತಾಳೆ. ನಾನು ಗೊತ್ತಿಲ್ಲದವಳ ಹಾಗೆ ಇರುತ್ತೇನೆ.

ಅದಾದ ಮೇಲೆ ನನಗೆ ಬೇರೆ ಕಡೆಗಳಿಂದ ಕರೆ ಬರತೊಡಗಿತು. ತೀರ್ಥಹಳ್ಳಿಯ ರೆಸಾರ್ಟಿಗೆ ಎರಡು ಸಲ, ಸಾಗರಕ್ಕೆ ಒಂದು ಸಲ ಹೋಗಿ ಅಲ್ಲಿನ ಅಡುಗೆಯವರಿಗೆ ತೋರಿಸಿ ಬಂದೆ. ಅಲ್ಲಿಯವರೆಲ್ಲ ನನ್ನನ್ನು ವೈನ್ ಕುಡಿಯುವವಳು ಎಂದುಕೊಂಡಿರುತ್ತಾರೆ. ಉಗುಳುವುದನ್ನು ನೋಡಿ ಸ್ವಲ್ಪ ನಿರಾಸೆಯಾಗುತ್ತದೆ ಅವರಿಗೆ. ಇಷ್ಟವೋ ಇಲ್ಲವೋ ಎಂದು ಕೇಳುತ್ತಾರೆ. ಅದರ ರುಚಿ ನನಗೆ ಚೆನ್ನಾಗಿ ಗೊತ್ತು, ಅಷ್ಟೇ. ಮಳೆಗಾಲದಲ್ಲಿ ಹುತ್ತದ ಅಣಬೆ ಸಿಕ್ಕಾಗ ಬೆಣ್ಣೆಯಲ್ಲಿ ಬಾಡಿಸಿ ನೋಡಿದೆ. ಅದು ಕೋಳಿಗಿಂತಲೂ ಚೆನ್ನಾಗಿ ಹೊಂದಿತು. ಆದರೆ ಅಣಬೆ ಏಳುವುದು ನಾಲ್ಕೇ ದಿನ, ಯಾವ ರೆಸಾರ್ಟಿನವರೂ ಅದನ್ನು ನಂಬಿ ಜನ ಕರೆಯುವ ಹಾಗಿಲ್ಲ.

ಕಳೆದ ತಿಂಗಳು ದ್ರಾಕ್ಷಿ ತೋಟದವರು ಹೊಸ ಕೊಯ್ಲಿನ ಬಾಟಲಿಗಳನ್ನು ಕಳಿಸಿದರು. ಫೋನ್ ಮಾಡಿ, "ಅಕ್ಕಾರ, ಈ ಸರ್ತಿ ಮಳಿ ಬ್ಯಾರೆ ಹೊತ್ತಿಗೆ ಬಂತ್ರಿ. ವೈನೂ ಬ್ಯಾರೆ ಆಗೇತಿ. ನೋಡಿ ಹೇಳ್ರಿ," ಎಂದರು. ತೆರೆದು ನೋಡಿದೆ. ಬಣ್ಣ ತೆಳ್ಳಗಿದೆ, ಒಗರು ಕಡಿಮೆ. ನೇರಳೆಯ ಜಾಗದಲ್ಲಿ ಈಗ ಕಾಡಿನ ಕವಳಿಹಣ್ಣಿನ ವಾಸನೆ ಬರುತ್ತದೆ, ಮೆಣಸು ಹುಡುಕಿದರೆ ಮಾತ್ರ ಸಿಗುತ್ತದೆ. ಹುರುಳಿ ಸಾರಿನ ಜೊತೆ ಬಾಯಿಗೆ ಹಾಕಿಕೊಂಡೆ. ಹುರುಳಿ ಅದನ್ನು ಪೂರ್ತಿ ಮುಚ್ಚಿಬಿಟ್ಟಿತು, ನೀರು ಕುಡಿದ ಹಾಗಾಯಿತು. ಹೊಸ ಕ್ಯಾಲೆಂಡರಿನಲ್ಲಿ ಮುಗಿದ ತಿಂಗಳ ಹಾಳೆ ಹರಿದು ಅದರ ಹಿಂಬದಿಯಲ್ಲಿ ಹುರುಳಿ ಎಂದು ಬರೆದು ಎದುರಿಗೆ ಅಡ್ಡಗೆರೆ ಎಳೆದೆ. ಇನ್ನು ಕೆಸುವಿನ ಗೆಡ್ಡೆ ನೋಡಬೇಕು, ಹೆಸರುಕಾಳು ನೋಡಬೇಕು.